ಮರಳು ಹೋದ ಮೇಲೆ ನೀರು ಎಲ್ಲಿ ನಿಲ್ಲಬೇಕು?

2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ನೀಡಿದ ಒಂದು ತೀರ್ಪಿನ ತಿರುಳು ಇಷ್ಟು: ನದಿಗೆ ಪ್ರತಿವರ್ಷ ಹೊಸದಾಗಿ ಎಷ್ಟು ಮರಳು ಬಂದು ಸೇರುತ್ತದೆ ಎಂಬ ಅಧ್ಯಯನವಿಲ್ಲದೆ (ಮರುಪೂರಣ ಅಧ್ಯಯನ) ತಯಾರಾದ ಜಿಲ್ಲಾ ಸಮೀಕ್ಷಾ ವರದಿಗೆ, ಅಂದರೆ ಜಿಲ್ಲೆಯಲ್ಲಿ ಎಲ್ಲಿ ಎಷ್ಟು ಮರಳು ತೆಗೆಯಬಹುದೆಂದು ಹೇಳುವ ದಾಖಲೆಗೆ, ಬೆಲೆಯಿಲ್ಲ. ಅಂಥ ವರದಿಯನ್ನು ಆಧರಿಸಿ ಮರಳು ಗಣಿಗಾರಿಕೆಗೆ ಪರಿಸರ ಅನುಮತಿ ಕೊಡುವಂತಿಲ್ಲ. ಪ್ರಕರಣ ಹುಟ್ಟಿದ್ದು ಕಾಶ್ಮೀರದ ಬಡ್ಗಾಮ್ ಜಿಲ್ಲೆಯ ಶಾಲಿಗಂಗಾ ಎಂಬ ಹಳ್ಳದಲ್ಲಿ. ಆದರೆ ಮರಳು ಬ್ಲಾಕ್‌ಗಳನ್ನು ಹರಾಜು ಹಾಕುವ ಪ್ರತಿಯೊಂದು ರಾಜ್ಯಕ್ಕೂ ಅದು ಅನ್ವಯಿಸುತ್ತದೆ, ಕರ್ನಾಟಕಕ್ಕೂ.

ಅದೇ ವರ್ಷದ ಮಳೆಗಾಲದಲ್ಲಿ ದಕ್ಷಿಣ ಕನ್ನಡದಲ್ಲಿ ಮರಳೂ ಕೆಂಪುಕಲ್ಲೂ ಸಿಗದೆ ಕಟ್ಟಡ ಕೆಲಸ ನಿಂತಿತ್ತು, ಕಾರ್ಮಿಕರು ಬೀದಿಗಿಳಿದಿದ್ದರು. ಅದೇ ಆಗಸ್ಟ್‌ನಲ್ಲಿ ರಾಜ್ಯದ ವಿಧಾನಮಂಡಲ ಕೆರೆ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಒಪ್ಪಿತು. ಎಲ್ಲ ಕೆರೆಗಳಿಗೂ ಒಂದೇ ಸಮನಾಗಿದ್ದ 30 ಮೀಟರ್ ಮೀಸಲು ಅಂಚನ್ನು (ಕೆರೆಯ ಸುತ್ತ ಕಟ್ಟಡ ಕಟ್ಟದೆ ಬಿಡಬೇಕಾದ ಜಾಗ) ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಇಳಿಸಿ, ಸಣ್ಣ ಕೆರೆಗಳಿಗೆ 3 ಮೀಟರ್‌ವರೆಗೂ ತರುವುದು ಅದರ ಉದ್ದೇಶ.

ಬಿಡಿಬಿಡಿಯಾಗಿ ಓದಿದವರಿಗೆ ಈ ಸುದ್ದಿಗಳು ಗೊಂದಲ ಹುಟ್ಟಿಸುತ್ತವೆ. ಮಳೆ ಬಂದರೆ ಮರಳು ತಾನಾಗಿಯೇ ಬರುತ್ತದಲ್ಲ, ಅದಕ್ಕೊಂದು ಅಧ್ಯಯನವೇಕೆ? ಬಡವನ ಮನೆ ಕಟ್ಟುವ ಮರಳಿಗೆ ಕೋರ್ಟು ಏಕೆ ಅಡ್ಡ ಬರಬೇಕು? ಮರಳಿಗೂ ಕೆರೆಯಂಚಿಗೂ ಏನು ಸಂಬಂಧ? ಈ ಪ್ರಶ್ನೆಗಳು ಸಹಜವಾದವು. ಉತ್ತರ ಸಿಗಬೇಕಾದರೆ ಮರಳು, ಗರಸು, ಜಲ್ಲಿಗಳನ್ನು ಕಟ್ಟಡ ಸಾಮಗ್ರಿಯೆಂದು ಮಾತ್ರ ನೋಡುವ ಅಭ್ಯಾಸವನ್ನು ಸ್ವಲ್ಪ ಹೊತ್ತು ಬದಿಗಿಡಬೇಕು. ನಮ್ಮಂಥ ಗಟ್ಟಿ ಕಲ್ಲಿನ ನಾಡಿನಲ್ಲಿ ಅವು ನೀರಿನ ಉಗ್ರಾಣಗಳು.

ಒಂದು ಟಿಪ್ಪರ್ ಮರಳಿನಲ್ಲಿ ಎಷ್ಟು ನೀರು

ದಕ್ಷಿಣ ಮತ್ತು ಪೂರ್ವ ಕರ್ನಾಟಕದ ಬಹುಭಾಗದ ಅಡಿಯಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಶಿಲೆ. ಈ ಶಿಲೆ ಶಿಥಿಲವಾದ ಪದರದಲ್ಲಿ ನಾವು ಬಾವಿಯಿಂದ ಎತ್ತಿಕೊಳ್ಳಬಹುದಾದ ನೀರಿನ ಪಾಲು ಪದರದ ಒಟ್ಟು ಗಾತ್ರದ ಶೇ 1ರಿಂದ 3ರಷ್ಟು ಮಾತ್ರ. ನದಿಪಾತ್ರದ ದಪ್ಪ ಮರಳಿನ ಗುಣ ಬೇರೆ. ಅದರಲ್ಲಿ ಕಣಗಳ ನಡುವಿನ ಖಾಲಿ ಜಾಗವೇ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಬಸಿದು ಕೈಗೆ ಸಿಗುವ ನೀರು ಗಾತ್ರದ ಶೇ 20ರಷ್ಟಾದರೂ ಇರುತ್ತದೆ.

ಇದನ್ನು ಸಣ್ಣ ಲೆಕ್ಕದಲ್ಲಿ ನೋಡೋಣ. ಒಂದು ಕಿಲೋಮೀಟರ್ ಉದ್ದ, 100 ಮೀಟರ್ ಅಗಲ, 3 ಮೀಟರ್ ಆಳದ ಮರಳಿನ ಹಾಸು ಇದೆ ಎಂದುಕೊಳ್ಳಿ. ಅದರ ಗಾತ್ರ 3 ಲಕ್ಷ ಘನ ಮೀಟರ್. ಶೇ 20ರ ಲೆಕ್ಕದಲ್ಲಿ ಅದು ಹಿಡಿದಿಡುವ ನೀರು 60 ಸಾವಿರ ಘನ ಮೀಟರ್, ಅಂದರೆ 6 ಕೋಟಿ ಲೀಟರ್. ಜಲಜೀವನ್ ಯೋಜನೆಯ ಮಾನದಂಡದಂತೆ ಒಬ್ಬರಿಗೆ ದಿನಕ್ಕೆ 55 ಲೀಟರ್ ಕೊಟ್ಟರೆ ಸುಮಾರು 3 ಸಾವಿರ ಜನರ ಒಂದು ಊರಿಗೆ ಒಂದು ವರ್ಷ ಸಾಕಾಗುವಷ್ಟು ನೀರು ಅದು. ಹತ್ತು ಘನ ಮೀಟರ್ ಹಿಡಿಯುವ ಒಂದು ಟಿಪ್ಪರ್ ತುಂಬಿ ಹೊರಟಾಗ 2 ಸಾವಿರ ಲೀಟರ್ ನೀರು ನಿಲ್ಲುವ ಜಾಗ ಆ ಊರಿನಿಂದ ಹೊರಟಿತೆಂದು ಅರ್ಥ. ಆ ಜಾಗ ಇದ್ದಿದ್ದರೆ ಪ್ರತಿ ಒಳ್ಳೆಯ ಮಳೆಗೂ ಮತ್ತೆ ತುಂಬಿಕೊಳ್ಳುತ್ತಿತ್ತು.

ಮರಳಿನೊಳಗಿನ ನೀರಿಗೆ ಇನ್ನೊಂದು ಅನುಕೂಲವಿದೆ. ತೆರೆದ ಕೆರೆಯ ನೀರನ್ನು ಬೇಸಿಗೆಯ ಬಿಸಿಲು ಹೀರಿಬಿಡುತ್ತದೆ. ಮೇಲಿನ ಎರಡಡಿ ಮರಳು ಒಣಗಿದ ಮೇಲೆ ಅದರ ಕೆಳಗಿನ ನೀರಿಗೆ ಬಿಸಿಲು ಹೆಚ್ಚು ತಾಗುವುದಿಲ್ಲ. ಹರಿವು ನಿಂತ ಹಳ್ಳದಲ್ಲಿ ಬೇಸಿಗೆಯಲ್ಲೂ ಕೈಯಿಂದ ಮರಳು ಬಗೆದು ಒರತೆ ತೆಗೆದು ಕೊಡ ತುಂಬಿಸಿಕೊಳ್ಳುತ್ತಿದ್ದುದು ಇದೇ ಕಾರಣಕ್ಕೆ. ತುಮಕೂರು ಜಿಲ್ಲೆಯ ಪಾವಗಡ, ಮಧುಗಿರಿ ಕಡೆಯ ತಲಪರಿಗೆಗಳ ಮೂಲವೂ ಇದೇ. ಕೆರೆ, ಹಳ್ಳಗಳ ಬದಿಯಲ್ಲಿ ಮರಳಿನ ಪದರದಿಂದ ಜಿನುಗುವ ನೀರನ್ನು ಹೊಂಡಕ್ಕೆ ಇಳಿಸಿ, ಅಲ್ಲಿಂದ ಕಾಲುವೆಯಲ್ಲಿ ಗದ್ದೆ ತೋಟಗಳಿಗೆ ಹಾಯಿಸುವ ವ್ಯವಸ್ಥೆ ಅದು. ಊರಿನವರು ಒಟ್ಟಾಗಿ ಹೂಳೆತ್ತಿ, ನೀರನ್ನು ಸರದಿಯಲ್ಲಿ ಹಂಚಿಕೊಂಡು ಬಾಳಿಸಿದ್ದು. ವಿದ್ಯುತ್ತು, ಪಂಪು ಯಾವುದೂ ಬೇಡದ ಇಂಥ ನೀರಾವರಿ ಮಳೆ ಕಡಿಮೆಯಿರುವ ಸೀಮೆಯಲ್ಲಿ ನಡೆದುಕೊಂಡು ಬಂದಿತ್ತು ಎನ್ನುವುದನ್ನು ನಾವು ಇನ್ನಷ್ಟು ಗೌರವದಿಂದ ನೋಡಬೇಕಿತ್ತು. ಮರಳಿನ ಪದರವನ್ನೇ ಎತ್ತಿಬಿಟ್ಟರೆ ತಲಪರಿಗೆಗೆ ಮೂಲವೇ ಇರುವುದಿಲ್ಲ.

ಹೊಳೆ ತಗ್ಗಿದರೆ ಬಾವಿಯೂ ತಗ್ಗುತ್ತದೆ

ನಷ್ಟ ಹೊಳೆಯೊಳಗೇ ಮುಗಿಯುವುದಿಲ್ಲ. ದಡದ ಆಚೆಗಿನ ಅಂತರ್ಜಲ ಹೊಳೆಯ ಮಟ್ಟಕ್ಕೆ ಹೊಂದಿಕೊಂಡಿರುತ್ತದೆ. ಮಳೆಗಾಲದಲ್ಲಿ ಹೊಳೆ ದಡದ ಮಣ್ಣಿಗೆ ನೀರು ಕೊಡುತ್ತದೆ. ಬೇಸಿಗೆಯಲ್ಲಿ ಆ ಮಣ್ಣು ಅದನ್ನು ನಿಧಾನವಾಗಿ ಹೊಳೆಗೆ ಮರಳಿಸುತ್ತದೆ. ಹೊಳೆಯ ಪಾತ್ರ ಎರಡು ಮೀಟರ್ ಕುಸಿದರೆ ಈ ಕೊಡುಕೊಳ್ಳುವಿಕೆಯ ಮಟ್ಟವೂ ಕುಸಿಯುತ್ತದೆ. ದಡದ ತೋಟದ ನೀರು ತಗ್ಗಾದ ಹೊಳೆಯತ್ತ ಬಸಿದುಹೋಗುತ್ತದೆ. ಮೊದಲು ಒಣಗುವುದು ಆಳವಿಲ್ಲದ ತೆರೆದ ಬಾವಿಗಳು. ಆಮೇಲೆ ಕೊಳವೆಬಾವಿ ಕೊರೆಸುವ ಸರದಿ, ಅದಾದ ಮೇಲೆ ಇನ್ನೂ ಆಳಕ್ಕೆ ಕೊರೆಸುವ ಸರದಿ. ಮರಳಿನಿಂದ ಲಾಭ ಮಾಡಿಕೊಂಡವನೊಬ್ಬ, ಕೊಳವೆಬಾವಿಯ ಸಾಲ ಹೊತ್ತವನು ಇನ್ನೊಬ್ಬ.

ಹೊಳೆಯಲ್ಲಿ ತೋಡಿದ ಗುಂಡಿ ತೋಡಿದ ಜಾಗದಲ್ಲೇ ಉಳಿಯುವುದೂ ಇಲ್ಲ. ಪ್ರವಾಹ ಬಂದಾಗ ಗುಂಡಿಯ ಮೇಲ್ಬದಿಯ ಅಂಚಿನಲ್ಲಿ ನೀರು ಜಲಪಾತದಂತೆ ಧುಮುಕಿ ಅಂಚನ್ನು ಕೊರೆಯುತ್ತದೆ. ಕೊರೆತ ಮಳೆಯಿಂದ ಮಳೆಗೆ ಮೇಲಕ್ಕೆ ಸಾಗುತ್ತದೆ. ಗುಂಡಿಯಲ್ಲಿ ತನ್ನ ಮರಳನ್ನು ಬಿಟ್ಟು ಹಗುರಾದ ನೀರು ಮುಂದೆ ಹೋಗಿ ಕೆಳಗಿನ ದಡವನ್ನು ತಿನ್ನುತ್ತದೆ. ಒಂದೇ ಬ್ಲಾಕ್‌ನ ಅಗೆತಕ್ಕೆ ಅದರ ಮೇಲಿನ ಊರೂ ಕೆಳಗಿನ ಊರೂ ದಂಡ ತೆರುವುದು ಹೀಗೆ. ಸೇತುವೆಗಳ ಬುಡ ಬರಿದಾಗುವುದಕ್ಕೂ ಇದೇ ಕಾರಣ. 2018ರ ಜೂನ್‌ನಲ್ಲಿ ಬಂಟ್ವಾಳ ತಾಲ್ಲೂಕಿನ ಮುಲ್ಲರಪಟ್ಣದಲ್ಲಿ ಫಲ್ಗುಣಿ ನದಿಯ ಸೇತುವೆ ಕುಸಿದಾಗ ಸ್ಥಳೀಯರು ಬೊಟ್ಟು ಮಾಡಿದ್ದು ಅಕ್ರಮ ಮರಳುಗಾರಿಕೆಯ ಕಡೆಗೇ.

ಚೀನಾದ ಪೊಯಾಂಗ್ ಸರೋವರದಲ್ಲಿ ಇದೇ ಕ್ರಿಯೆ ಇನ್ನೂ ದೊಡ್ಡದಾಗಿ ನಡೆದಿದೆ. ಯಾಂಗ್‌ತ್ಸೆ ನದಿಯಲ್ಲಿ ಮರಳೆತ್ತುವುದನ್ನು 2000ದಲ್ಲಿ ನಿಷೇಧಿಸಿದ ಮೇಲೆ ನೀರಿನ ತಳದಿಂದ ಮರಳೆತ್ತುವ ಡ್ರೆಡ್ಜರ್ ಯಂತ್ರಗಳು ಈ ಸರೋವರಕ್ಕೆ ಬಂದವು. ಸರೋವರದಿಂದ ನದಿಗೆ ನೀರು ಹೋಗುವ ದಾರಿ ಅಗೆತದಿಂದ ಆಳವೂ ಅಗಲವೂ ಆಯಿತು. ಈಗ ಒಣ ಋತುವಿನಲ್ಲಿ ಸರೋವರ ಮೊದಲಿಗಿಂತ ಬೇಗ ಬರಿದಾಗುತ್ತದೆ. ಮಳೆ ಕಡಿಮೆಯಾಗದೆಯೇ ನೀರಿನ ಬರ ಬರಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಮಳೆ ಬಂದರೆ ಮರಳು ಬರುವುದಿಲ್ಲವೇ?

ಬರುತ್ತದೆ, ಆದರೆ ಎಲ್ಲೆಡೆ ಒಂದೇ ಪ್ರಮಾಣದಲ್ಲಿ ಅಲ್ಲ. ಕೋರ್ಟ್ ಹೇಳಿದ ಮರುಪೂರಣ ಅಧ್ಯಯನದ ಮಹತ್ವ ಇರುವುದೇ ಇಲ್ಲಿ.

ಪಶ್ಚಿಮ ಘಟ್ಟದಿಂದ ಕಡಿದಾಗಿ ಇಳಿಯುವ ನೇತ್ರಾವತಿ, ಸೀತಾದಂಥ ನದಿಗಳು ಪ್ರತಿ ಮಳೆಗಾಲದಲ್ಲೂ ಮರಳು ಹೊತ್ತು ತರುತ್ತವೆ. ಅಲ್ಲಿ ಬಂದಷ್ಟರೊಳಗೆ ಒಂದು ಪಾಲು ತೆಗೆದರೆ ನದಿ ತಾಳಿಕೊಳ್ಳಬಹುದು. ಉತ್ತರ ಪಿನಾಕಿನಿ, ವೇದಾವತಿ, ಜಯಮಂಗಲಿಯಂಥ ಬಯಲುಸೀಮೆಯ ನದಿಗಳ ಸ್ಥಿತಿ ಬೇರೆ. ಅವು ಹಲವು ವರ್ಷಕ್ಕೊಮ್ಮೆ ಮಾತ್ರ ದಡ ತುಂಬಿ ಹರಿಯುತ್ತವೆ. ಅಲ್ಲಿ ಕಾಣುವ ಮರಳಿನ ಹಾಸು ದೀರ್ಘಕಾಲದ ಶೇಖರಣೆ. ಗೌರಿಬಿದನೂರು ಕಡೆಯ ನದಿಪಾತ್ರದಿಂದ ಬೆಂಗಳೂರಿನ ಕಟ್ಟಡಗಳಿಗೆ ಹೋದ ಮರಳು ನಮ್ಮ ಮಕ್ಕಳ ಕಾಲಕ್ಕೂ ವಾಪಸು ಬಂದು ತುಂಬುವುದು ಕಷ್ಟ. ನೀರು ಹೊತ್ತು ತಂದದ್ದು ಎಂಬ ಒಂದೇ ಕಾರಣಕ್ಕೆ ಅದನ್ನು ಪ್ರತಿವರ್ಷದ ಬೆಳೆಯೆಂದು ಎಣಿಸುವುದು ತಪ್ಪು. ಬಯಲುಸೀಮೆಯ ಮಟ್ಟಿಗೆ ಮರಳು ಒಮ್ಮೆ ತೆಗೆದರೆ ಮುಗಿಯುವ ಖನಿಜ.

ಅಣೆಕಟ್ಟುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ತುಂಗಭದ್ರಾ ಜಲಾಶಯ 1953ರಲ್ಲಿ ತುಂಬಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. ಈಗ ಅದು 105.788 ಟಿಎಂಸಿ. ನಡುವಿನ 27 ಟಿಎಂಸಿಯಷ್ಟು ಜಾಗದಲ್ಲಿ ಕೂತಿರುವುದು ಹೂಳು ಮತ್ತು ಮರಳು. ಅಣೆಕಟ್ಟು ಇಲ್ಲದಿದ್ದರೆ ಅದರಲ್ಲಿ ಬಹುಪಾಲು ಕೆಳಗೆ ಹರಿಯುತ್ತಿತ್ತು. ಕೆಳಗಿನ ಕೊಪ್ಪಳ, ಬಳ್ಳಾರಿ, ರಾಯಚೂರು ಜಿಲ್ಲೆಗಳ ನದಿಪಾತ್ರಕ್ಕೆ ಮೇಲಿನಿಂದ ಬರಬೇಕಾದ ಮರಳು ಹೀಗೆ ಮೊದಲೇ ತಡೆದುಹೋಗಿದೆ. ಬರುವುದು ಕಡಿಮೆಯಾದ ನದಿಯಿಂದ ತೆಗೆಯುವುದನ್ನು ಹೆಚ್ಚಿಸುತ್ತಾ ಹೋದರೆ ಏನಾಗುತ್ತದೆ ಎಂದು ಹೇಳಲು ತಜ್ಞರು ಬೇಕಿಲ್ಲ. ಎಷ್ಟು ಬೇಗ ಆಗುತ್ತದೆ ಎಂದು ಹೇಳಲು ಮಾತ್ರ ಬೇಕು, ಕೋರ್ಟ್ ಕೇಳುತ್ತಿರುವುದು ಅದನ್ನೇ.

ಕರಾವಳಿಯಲ್ಲಿ ಉಪ್ಪಿನ ದಾರಿ

ಕರಾವಳಿಯಲ್ಲಿ ನಷ್ಟ ನೀರಿನ ಪ್ರಮಾಣಕ್ಕಿಂತ ಹೆಚ್ಚಾಗಿ ಅದರ ರುಚಿಯಲ್ಲಿ ಕಾಣುತ್ತದೆ. ಸಮುದ್ರದ ಭರತ ನದಿಯೊಳಗೆ ಎಷ್ಟು ದೂರ ಏರುತ್ತದೆ ಎನ್ನುವುದು ಎರಡು ಸಂಗತಿಗಳ ಮೇಲೆ ನಿಂತಿದೆ: ಮೇಲಿನಿಂದ ಬರುವ ಸಿಹಿನೀರಿನ ಒತ್ತಡ ಮತ್ತು ನದಿಯ ತಳದ ಎತ್ತರ. ಉಪ್ಪುನೀರು ಸಿಹಿನೀರಿಗಿಂತ ಭಾರ, ಅದು ತಳ ಹಿಡಿದು ಸಾಗುತ್ತದೆ. ಮರಳಿನ ದಿಬ್ಬಗಳು ಅದಕ್ಕೆ ಅಡ್ಡವಾಗುತ್ತವೆ. ತಳವನ್ನು ಅಗೆದು ಆಳ ಮಾಡಿದರೆ ಉಪ್ಪಿಗೆ ದಾರಿ ತೆರೆದು ಕೊಟ್ಟಂತೆ. ನದಿ ಉಪ್ಪಾದ ಕಡೆ ದಡದ ಬಾವಿಗಳೂ ಉಪ್ಪಾಗುತ್ತವೆ, ಉಪ್ಪಾದ ತೋಟದಲ್ಲಿ ಅಡಿಕೆ ಮರ ಉಳಿಯುವುದಿಲ್ಲ.

ಮಂಗಳೂರು ನಗರ ಕುಡಿಯುವುದು ನೇತ್ರಾವತಿಯ ತುಂಬೆ ಕಿಂಡಿ ಅಣೆಕಟ್ಟಿನ ನೀರನ್ನು. 2016ರ ಬೇಸಿಗೆಯಲ್ಲಿ ಆ ನೀರು ತಳ ಕಂಡು ನಗರ ತತ್ತರಿಸಿತ್ತು. ಅಣೆಕಟ್ಟಿನ ಕೆಳಭಾಗದ ನದಿಯಲ್ಲಿ ಪಾವೂರು ಉಳಿಯ ಎಂಬ ಕುದ್ರು ಇದೆ. ಸುತ್ತಲೂ ನೀರು, ನಡುವೆ ಮನೆಗಳು, ತೆಂಗಿನ ತೋಟಗಳು. ರಾತ್ರಿ ಹೊತ್ತು ದೋಣಿಗಳಲ್ಲಿ ಬಂದು ಮರಳೆತ್ತುವವರಿಂದಾಗಿ ಕುದ್ರುವಿನ ಅಂಚು ಕುಸಿಯುತ್ತಿದೆ, ತೆಂಗಿನ ಮರಗಳು ನೀರು ಪಾಲಾಗುತ್ತಿವೆ ಎಂದು ಅಲ್ಲಿನ ನಿವಾಸಿಗಳು ವರ್ಷಗಳಿಂದ ದೂರುತ್ತಿದ್ದಾರೆ, ಪ್ರತಿಭಟಿಸುತ್ತಿದ್ದಾರೆ. ಕುದ್ರು ಎಂದರೆ ನದಿಯೇ ತಂದು ಕಟ್ಟಿದ ನೆಲ. ಬುಡದ ಮರಳನ್ನು ತೆಗೆದರೆ ಮೇಲಿನ ಮನೆ ನಿಲ್ಲುವುದೆಲ್ಲಿ?

ಸಿಆರ್‌ಝಡ್ ಪ್ರದೇಶದಲ್ಲಿ, ಅಂದರೆ ಕರಾವಳಿ ನಿಯಂತ್ರಣ ವಲಯದಲ್ಲಿ, ನಿಯಮ ಸ್ಪಷ್ಟವಾಗಿದೆ. ಅಲ್ಲಿ ಮರಳು ಗಣಿಗಾರಿಕೆಗೆ ಅವಕಾಶವಿಲ್ಲ. ದೋಣಿ ಸಂಚಾರಕ್ಕೆ, ಮೀನುಗಾರಿಕೆಗೆ ಅಡ್ಡಿಯಾದ ದಿಬ್ಬಗಳನ್ನು ತೆರವು ಮಾಡಬಹುದು. ಅದನ್ನೂ ಸಾಂಪ್ರದಾಯಿಕವಾಗಿ ಆ ಕೆಲಸ ಮಾಡಿಕೊಂಡು ಬಂದವರೇ ಯಂತ್ರ ಬಳಸದೆ ಮಾಡಬೇಕು. ಮುಳುಗಿ ಬುಟ್ಟಿಯಲ್ಲಿ ಮರಳೆತ್ತುವವನ ಉಸಿರಿಗೆ ಒಂದು ಮಿತಿ ಇದೆ, ಆ ಮಿತಿಯೇ ನದಿಯ ರಕ್ಷಣೆಯೂ ಆಗಿತ್ತು. ಡ್ರೆಡ್ಜರ್‌ಗೆ ಅಂಥ ಮಿತಿಯಿಲ್ಲ.

ಮಣ್ಣು ತೊಳೆದು ತೆಗೆಯುವ ಮರಳು

ನದಿಯಲ್ಲಿ ಮರಳು ಮುಗಿದ ಕಡೆ ದಂಧೆ ನಿಲ್ಲಲಿಲ್ಲ, ಕೆರೆಯಂಗಳಕ್ಕೂ ಹೊಲಕ್ಕೂ ದಾಟಿತು. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಜನರಿಗೆ ಫಿಲ್ಟರ್ ಮರಳು ಎಂದರೆ ವಿವರಿಸಬೇಕಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ಕೆರೆಯಂಗಳ, ಗೋಮಾಳ ಅಥವಾ ಹೊಲದ ಮಣ್ಣನ್ನು ಜೆಸಿಬಿಯಲ್ಲಿ ಬಗೆದು ಒಂದು ಗುಂಡಿಗೆ ಸುರಿಯುತ್ತಾರೆ. ಅದರ ಮೇಲೆ ಪಂಪಿನಿಂದ ಜೋರಾಗಿ ನೀರು ಬಿಡುತ್ತಾರೆ. ಜೇಡಿ, ಗೋಡು ಕದಡಿ ತೇಲಿಹೋಗುತ್ತವೆ, ಮರಳು ತಳದಲ್ಲಿ ಕೂರುತ್ತದೆ. ಕೆಂಪು ಕೆಸರನ್ನು ಪಕ್ಕದ ಹಳ್ಳಕ್ಕೆ ಹರಿಯಬಿಡುತ್ತಾರೆ.

ಇಲ್ಲಿ ಆಗುವ ನಷ್ಟ ಒಂದೆರಡಲ್ಲ. ಶತಮಾನಗಳಲ್ಲಿ ಕೂಡಿದ ಫಲವತ್ತಾದ ಮೇಲ್ಮಣ್ಣು ಕೆಸರಾಗಿ ಹೋಗುತ್ತದೆ. ತೊಳೆಯಲು ಕೊಳವೆಬಾವಿಯ ನೀರು ಸುರಿಯುತ್ತದೆ, ಅದೂ ಅಂತರ್ಜಲ ಪಾತಾಳಕ್ಕಿಳಿದ ಜಿಲ್ಲೆಗಳಲ್ಲಿ. ಹರಿದುಹೋದ ಜೇಡಿ ಕೆಳಗಿನ ಕೆರೆಯ ತಳಕ್ಕೆ ಮೆತ್ತಿಕೊಂಡು ನೀರು ಇಂಗುವ ರಂಧ್ರಗಳನ್ನು ಮುಚ್ಚುತ್ತದೆ. ಫಿಲ್ಟರ್ ಮರಳು ಕಾನೂನಿಗೆ ವಿರುದ್ಧ, ದಾಳಿಗಳೂ ನಡೆದಿವೆ. ಆದರೆ ಬೆಂಗಳೂರಿನ ಬೇಡಿಕೆ ಪಕ್ಕದಲ್ಲೇ ಇರುವಾಗ ದಾಳಿಯಾದ ಗುಂಡಿಯ ಬದಲು ಇನ್ನೊಂದು ಗುಂಡಿ ತೆರೆದುಕೊಳ್ಳುತ್ತದೆ.

ಇದೇ ಕೋಲಾರ ಜಿಲ್ಲೆಯ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯನೀರನ್ನು ಪೈಪುಗಳಲ್ಲಿ ಹರಿಸಲಾಗುತ್ತಿದೆ. ದಿನಕ್ಕೆ 440 ದಶಲಕ್ಷ ಲೀಟರ್ ಅದರ ಗುರಿ. ಉದ್ದೇಶ ಅಂತರ್ಜಲ ಮರುಪೂರಣ. ಅಷ್ಟು ಖರ್ಚು ಮಾಡಿ ನೀರು ತರುವಾಗ ಆ ನೀರು ಇಂಗಬೇಕಾದ ಮಣ್ಣು ಮತ್ತು ಮರಳಿನ ಪದರವನ್ನು ಕಾಯುವ ಖರ್ಚನ್ನು ಯೋಜನೆಯ ಭಾಗವೆಂದೇ ಎಣಿಸಬೇಕು.

ತೆಗೆದದ್ದು ಎಲ್ಲಿ ಹೋಗಿ ಬೀಳುತ್ತದೆ

ಇಲ್ಲಿಯವರೆಗೆ ಹೇಳಿದ್ದು ಲಾರಿ ಹೊರಡುವ ಜಾಗದ ಕಥೆ. ಅದು ತಲುಪುವ ಜಾಗದಲ್ಲಿ ಅಷ್ಟೇ ಗಂಭೀರವಾದ ಇನ್ನೊಂದು ಅರ್ಧವಿದೆ, ಸುದ್ದಿಗಳಲ್ಲಿ ಅದು ಮರಳಿನ ಜೊತೆ ಸೇರಿ ಬರುವುದೇ ಇಲ್ಲ.

ಮರಳು, ಜಲ್ಲಿ, ಗರಸು ಮಣ್ಣಿನ ದೊಡ್ಡ ಪಾಲು ಕಾಂಕ್ರೀಟಿಗೆ ಹೋದರೆ, ಇನ್ನೊಂದು ಪಾಲು ತಗ್ಗನ್ನು ತುಂಬಿ ಎತ್ತರ ಮಾಡುವುದಕ್ಕೆ ಹೋಗುತ್ತದೆ. ತಗ್ಗು ಎಂದರೆ ನೀರು ಬಂದು ನಿಲ್ಲುವ ಜಾಗ. ಬೆಂಗಳೂರಿನಲ್ಲಿ ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಆ ಕಾಲದಲ್ಲಿ ಕೆರೆ ಮುಚ್ಚಿದ್ದು ಸರ್ಕಾರದ ತೀರ್ಮಾನದಿಂದ. ಈಗ ಆಗುತ್ತಿರುವುದು ರಾತ್ರೋರಾತ್ರಿ ಲೋಡುಗಟ್ಟಲೆ ಕಟ್ಟಡದ ಅವಶೇಷ ಸುರಿದು ಕೆರೆಯಂಚನ್ನೂ ರಾಜಕಾಲುವೆಯನ್ನೂ ಅಂಗುಲ ಅಂಗುಲವಾಗಿ ಮುಂದೊತ್ತುವ ಕೆಲಸ. ಫಲ ಎರಡು ರೀತಿಯಲ್ಲಿ ಬಂತು. 2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರ, ಬೆಳ್ಳಂದೂರು ಕಡೆ ರಸ್ತೆಗಳಲ್ಲಿ ದೋಣಿ, ಟ್ರ್ಯಾಕ್ಟರ್‌ಗಳು ಓಡಾಡಿದವು. 2024ರ ಮಾರ್ಚ್‌ನಲ್ಲಿ ಅದೇ ನಗರದ 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಉಪಮುಖ್ಯಮಂತ್ರಿಗಳೇ ಹೇಳಿದರು. ಪ್ರವಾಹಕ್ಕೂ ಬರಕ್ಕೂ ಮಳೆಯ ಏರುಪೇರು ಒಂದು ಕಾರಣ. ಮಳೆ ಸುರಿದಾಗ ನೀರು ನಿಲ್ಲಲು ತಗ್ಗು ಉಳಿದಿಲ್ಲ, ನಿಲ್ಲದ ನೀರು ಇಂಗುವುದಿಲ್ಲ ಎನ್ನುವುದು ಎರಡಕ್ಕೂ ಸಾಮಾನ್ಯವಾದ ಇನ್ನೊಂದು ಕಾರಣ.

ಕೆರೆಯಂಚಿನ ಮಸೂದೆಯನ್ನು ಈ ಹಿನ್ನೆಲೆಯಲ್ಲಿ ಓದಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಬೆಂಗಳೂರಿನ ಕೆರೆಗಳಿಗೆ 75 ಮೀಟರ್ ಅಂಚು ಬಿಡಬೇಕೆಂದಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದ ಮೇಲೆ ನಗರ ಯೋಜನೆಯ 30 ಮೀಟರ್ ಉಳಿಯಿತು. ಸಣ್ಣ ಕೆರೆಗೆ ಸಣ್ಣ ಅಂಚು ಸಾಕು ಎಂಬ ವಾದ ಕೇಳಲು ನ್ಯಾಯವಾಗಿದೆ, ಸಣ್ಣ ಜಮೀನುದಾರರ ಕಷ್ಟವೂ ನಿಜ. ಆದರೆ ನಮ್ಮ ಕೆರೆಗಳು ಸರಪಳಿಯಂತೆ ಒಂದರ ಕೋಡಿಯಿಂದ ಇನ್ನೊಂದಕ್ಕೆ ಹರಿಯುವಂಥವು. ಮೇಲಿನ ಸಣ್ಣ ಕಟ್ಟೆ, ಕುಂಟೆಗಳು ನೀರನ್ನೂ ಹೂಳನ್ನೂ ಮೊದಲು ತಡೆಯುವುದರಿಂದಲೇ ಕೆಳಗಿನ ದೊಡ್ಡ ಕೆರೆ ಉಳಿಯುತ್ತದೆ. ಅಂಚು 3 ಮೀಟರ್ ಆದ ಕುಂಟೆ ಮುಚ್ಚಿಹೋಗಲು ಹತ್ತಾರು ಲೋಡು ಮಣ್ಣು ಸಾಕು.

ಕರಾವಳಿಯಲ್ಲಿ ಇದೇ ಕೆಲಸ ಗದ್ದೆಗಳಲ್ಲಿ ನಡೆಯುತ್ತಿದೆ. ಅಲ್ಲಿನ ರೈತರು ಎತ್ತರದಿಂದ ತಗ್ಗಿಗೆ ಗದ್ದೆಗಳನ್ನು ಬೆಟ್ಟು, ಮಜಲು, ಬೈಲು ಎಂದು ವಿಂಗಡಿಸುತ್ತಾರೆ. ಬೈಲು ಗದ್ದೆಯಲ್ಲಿ ತಿಂಗಳುಗಟ್ಟಲೆ ನಿಲ್ಲುವ ನೀರು ಸುತ್ತಲ ಮನೆಬಾವಿಗಳನ್ನು ಬೇಸಿಗೆಯವರೆಗೆ ಸಾಕುತ್ತದೆ. ಗುಡ್ಡ ಕಡಿದ ಕೆಂಪುಮಣ್ಣನ್ನು ಆ ಗದ್ದೆಗೆ ತುಂಬಿ ಸೈಟು ಮಾಡಿದಾಗ ಎರಡು ಉಗ್ರಾಣಗಳು ಒಟ್ಟಿಗೆ ಹೋಗುತ್ತವೆ. ಮಳೆನೀರನ್ನು ಹೀರಿಕೊಳ್ಳುತ್ತಿದ್ದ ಮುರಕಲ್ಲಿನ (ಕೆಂಪುಕಲ್ಲಿನ) ಗುಡ್ಡ ಒಂದು, ಅದನ್ನು ನಿಲ್ಲಿಸಿಕೊಳ್ಳುತ್ತಿದ್ದ ಬೈಲು ಇನ್ನೊಂದು. ಕೇರಳ 2008ರಲ್ಲೇ ಭತ್ತದ ಗದ್ದೆ ಮತ್ತು ಜೌಗುಭೂಮಿಗಳನ್ನು ತುಂಬುವುದರ ವಿರುದ್ಧ ಪ್ರತ್ಯೇಕ ಕಾಯ್ದೆ ಮಾಡಿತು. ಅದರ ಜಾರಿಯಲ್ಲಿ ಲೋಪಗಳು ಎಷ್ಟೇ ಇರಲಿ, ಗದ್ದೆಯನ್ನು ನೀರಿನ ಮೂಲವೆಂದು ಕಾನೂನಿನಲ್ಲಿ ಬರೆದದ್ದು ದೊಡ್ಡ ಹೆಜ್ಜೆ. ಕರ್ನಾಟಕದಲ್ಲಿ ಭೂಪರಿವರ್ತನೆಯ ಅರ್ಜಿ ಬಂದಾಗ ಈ ಗದ್ದೆಯಲ್ಲಿ ಎಷ್ಟು ನೀರು ನಿಲ್ಲುತ್ತದೆ, ಯಾರ ಬಾವಿ ಇದನ್ನು ನಂಬಿದೆ ಎಂದು ಕೇಳುವ ಪದ್ಧತಿ ಬರಬೇಕಾಗಿದೆ.

ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್‌ನಲ್ಲಿ ಲಾರಿಯ ಎರಡೂ ತುದಿಗಳು ಒಂದೇ ಊರಿನಲ್ಲಿ ಕೂಡಿವೆ. ಅಲ್ಲಿನ ಬಂಗ್ ಕಾಕ್ ಸರೋವರವನ್ನು 2008ರಿಂದ ಮರಳು ಪಂಪ್ ಮಾಡಿ ತುಂಬಿಸಲಾಯಿತು, ದಡದ ಸಾವಿರಾರು ಕುಟುಂಬಗಳು ನೆಲೆ ಕಳೆದುಕೊಂಡವು. ನಗರದ ಸುತ್ತಲ ಜೌಗುಭೂಮಿ ತುಂಬಲು ಈಗಲೂ ಮೆಕಾಂಗ್ ನದಿಯ ಮರಳೇ ಬೇಕು. ಅದೇ ನದಿಯ ಕೆಳಗೆ, ವಿಯೆಟ್ನಾಂನ ಮುಖಜಭೂಮಿಯಲ್ಲಿ, ತಗ್ಗಿದ ನದಿತಳದ ಮೂಲಕ ಉಪ್ಪುನೀರು ಭತ್ತದ ಗದ್ದೆಗಳತ್ತ ಹಿಂದಿಗಿಂತ ಮುಂದೆ ಬರುತ್ತಿದೆ.

ಯಾರು ಏನು ಹೇಳುತ್ತಾರೆ

ಕಟ್ಟಡ ಕಾರ್ಮಿಕರ ಮಾತನ್ನು ಮೊದಲು ಕೇಳಬೇಕು, ಏಕೆಂದರೆ ಮರಳು ನಿಂತ ದಿನವೇ ಅವರ ಕೂಲಿಯೂ ನಿಲ್ಲುತ್ತದೆ. ಅನುಮತಿ ತಡವಾದರೆ ಅಕ್ರಮ ಮರಳಿನ ಬೆಲೆ ಏರುತ್ತದೆಯೇ ಹೊರತು ಮರಳುಗಾರಿಕೆ ನಿಲ್ಲುವುದಿಲ್ಲ, ನಷ್ಟ ಸಣ್ಣ ಮನೆ ಕಟ್ಟುವವರಿಗೆ ಎಂದು ಅವರೂ ಗುತ್ತಿಗೆದಾರರೂ ಹೇಳುತ್ತಾರೆ. ಇದು ಅನುಭವದ ಮಾತು, ತಳ್ಳಿಹಾಕುವಂತಿಲ್ಲ.

ಸರ್ಕಾರಕ್ಕೆ ರಾಜಧನ ಬೇಕು, ವಸತಿ ಯೋಜನೆಗಳಿಗೆ ಮರಳು ಬೇಕು. ಹೂಳು ತುಂಬಿದ ನದಿಯಲ್ಲಿ ಪ್ರವಾಹ ಹೆಚ್ಚುತ್ತದೆ, ಮರಳು ತೆಗೆದರೆ ನದಿಗೇ ಒಳ್ಳೆಯದು ಎಂಬ ವಾದವೂ ಅಧಿಕಾರಿಗಳಿಂದ ಬರುತ್ತದೆ. ಅಳಿವೆಯ ಬಾಯಿಯಲ್ಲಿ, ಕಿಂಡಿ ಅಣೆಕಟ್ಟಿನ ಹಿಂದೆ ಇದು ಸರಿ. ಹಿನ್ನೀರಿನಲ್ಲಿ ಕೂತ ಮರಳನ್ನು ತೆಗೆದರೆ ನೀರು ನಿಲ್ಲುವ ಜಾಗ ಹೆಚ್ಚುತ್ತದೆ. ತೆರೆದ ನದಿಪಾತ್ರಕ್ಕೆ ಅದನ್ನೇ ಅನ್ವಯಿಸಿ ಅಗೆತವನ್ನು ಹೂಳೆತ್ತುವಿಕೆ ಎಂದು ಕರೆಯುವುದು ಸರಿಯಲ್ಲ.

ನದಿ ದಂಡೆಯ ರೈತರಲ್ಲೂ ಒಮ್ಮತವಿಲ್ಲ. ಪಟ್ಟಾ ಜಮೀನಿನ ಮರಳು ಮಾರಿ ಸಾಲ ತೀರಿಸಿದವರಿದ್ದಾರೆ, ಪಕ್ಕದವನು ಮಾರಿದ್ದಕ್ಕೆ ಬಾವಿ ಕಳೆದುಕೊಂಡವರಿದ್ದಾರೆ.

ಎಂ-ಸ್ಯಾಂಡ್ ಪರಿಹಾರವೇ?

ಕಲ್ಲು ಪುಡಿ ಮಾಡಿ ತಯಾರಿಸುವ ಎಂ-ಸ್ಯಾಂಡ್ ನದಿಗಳ ಮೇಲಿನ ಒತ್ತಡವನ್ನು ನಿಜವಾಗಿಯೂ ತಗ್ಗಿಸಿದೆ. ಜಲ್ಲಿ, ಮರಳುಗಳ ಗುಣಮಟ್ಟಕ್ಕಿರುವ ಭಾರತೀಯ ಮಾನದಂಡ ಐಎಸ್ 383ರ 2016ರ ಪರಿಷ್ಕರಣೆ ಅದನ್ನು ಕಾಂಕ್ರೀಟಿಗೆ ಒಪ್ಪಿದೆ. ಗುಣಮಟ್ಟ ಪರೀಕ್ಷಿಸಿದ ಎಂ-ಸ್ಯಾಂಡ್ ಬಗ್ಗೆ ಇರುವ ಹಿಂಜರಿಕೆಗೆ ಈಗ ಆಧಾರವಿಲ್ಲ. ಆದರೆ ಅದೂ ಬೆಟ್ಟದಿಂದಲೇ ಬರಬೇಕು. ಬಯಲುಸೀಮೆಯ ಬೆಟ್ಟಗಳ ಬುಡದ ಗರಸು ಪದರ ಮಳೆನೀರನ್ನು ಹಿಡಿದು ಕೆಳಗಿನ ಕೆರೆಗಳಿಗೆ ಬಿಡುತ್ತದೆ, ಕ್ವಾರಿ ಅದನ್ನು ಕತ್ತರಿಸುತ್ತದೆ. ಎಂ-ಸ್ಯಾಂಡ್ ತೊಳೆಯಲೂ ನೀರು ಬೇಕು. ಆದ್ದರಿಂದ ಕ್ರಷರ್‌ಗೆ ಜಾಗ ಕೊಡುವಾಗಲೂ ಕೆಳಗಿರುವ ಕೆರೆ ಯಾವುದು ಎಂದು ಕೇಳಲೇಬೇಕು. ಒಡೆದ ಕಟ್ಟಡಗಳ ಅವಶೇಷವನ್ನು ಮತ್ತೆ ಜಲ್ಲಿ, ಮರಳಾಗಿ ಪುಡಿಮಾಡಿ ಬಳಸಿದರೆ ನದಿಗೂ ಉಪಕಾರ, ಆ ಅವಶೇಷ ಬಂದು ಬೀಳುವ ಕೆರೆಗೂ ಉಪಕಾರ. ಎರಡೂ ತುದಿಯನ್ನು ಒಟ್ಟಿಗೆ ಕಾಯುವ ದಾರಿ ನನಗೆ ಕಾಣುವುದು ಇದೊಂದೇ, ಸರ್ಕಾರದ ಹಣ ಮೊದಲು ಹೋಗಬೇಕಾದದ್ದೂ ಇಲ್ಲಿಗೆ.

ಕಾನೂನು ಇದೆ, ನೀರಿನ ಲೆಕ್ಕ ಇಲ್ಲ

2012ರ ದೀಪಕ್ ಕುಮಾರ್ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಐದು ಹೆಕ್ಟೇರಿಗಿಂತ ಸಣ್ಣ ಗಣಿಗೂ ಪರಿಸರ ಅನುಮತಿ ಬೇಕೆಂದಿತ್ತು. 2016ರಲ್ಲಿ ಕೇಂದ್ರದ ಮಾರ್ಗಸೂಚಿ ಬಂತು: ಅಗೆತ 3 ಮೀಟರ್ ಅಥವಾ ನೀರಿನ ಮಟ್ಟ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ. 2020ರಲ್ಲಿ ಉಸ್ತುವಾರಿಯ ಮಾರ್ಗಸೂಚಿ ಬಂತು. ಅದೇ ವರ್ಷ ರಾಜ್ಯವೂ ಹೊಸ ಮರಳು ನೀತಿ ತಂದಿತು.

ಇಷ್ಟೆಲ್ಲ ಇದ್ದೂ ಸೋಲುವುದಕ್ಕೆ ಅಕ್ರಮ ದಂಧೆ, ರಾಜಕೀಯ ಬಲ ಕಾರಣ ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಪ್ರಾಮಾಣಿಕ ಅಧಿಕಾರಿಯ ಕೈಯನ್ನೂ ಕಟ್ಟುವ ದೋಷವೊಂದಿದೆ. ಮರಳನ್ನು ಟನ್ನಿನಲ್ಲಿ ಅಳೆಯುವುದು ಗಣಿ ಮತ್ತು ಭೂವಿಜ್ಞಾನ ಇಲಾಖೆ. ಬಾವಿಯ ಮಟ್ಟ ಅಳೆಯುವುದು ಅಂತರ್ಜಲ ನಿರ್ದೇಶನಾಲಯ. ಕೆರೆ ಸಣ್ಣ ನೀರಾವರಿ ಅಥವಾ ಪಂಚಾಯಿತಿಯದು, ಗದ್ದೆಯ ಪರಿವರ್ತನೆ ಕಂದಾಯದ್ದು. ಒಂದು ಟಿಪ್ಪರ್ ಮರಳಿಗೆ ರಾಜಧನ ನಿಗದಿಯಾಗುವಾಗ ಅದರ ಜೊತೆ ಹೋಗುವ 2 ಸಾವಿರ ಲೀಟರ್ ಜಾಗ ಇವರಲ್ಲಿ ಯಾರ ಪುಸ್ತಕದಲ್ಲೂ ನಷ್ಟವೆಂದು ದಾಖಲಾಗುವುದಿಲ್ಲ. ದಾಖಲಾಗದ ನಷ್ಟವನ್ನು ವಸೂಲಿ ಮಾಡುವವರೂ ಇರುವುದಿಲ್ಲ, ಅದು ಕೊಳವೆಬಾವಿಯ ಬಿಲ್ಲಾಗಿ, ಟ್ಯಾಂಕರ್ ಬಾಡಿಗೆಯಾಗಿ ಊರಿನವರ ಮೇಲೆ ಬೀಳುತ್ತದೆ. ಕೋರ್ಟ್‌ನ ತೀರ್ಪು ಮರಳು ಎಷ್ಟು ವಾಪಸು ಬರುತ್ತದೆ ಎಂದು ಅಳೆಯಲು ಹೇಳಿದೆ. ಅದರ ಜೊತೆಗೆ ನೀರು ಎಷ್ಟು ಹೋಗುತ್ತದೆ ಎಂದೂ ಅಳೆಯುವವರೆಗೆ ಅರ್ಧ ಲೆಕ್ಕವೇ ಆದಂತಾಯಿತು.

ಮುಂದೆ ಏನಾಗಬಹುದು

ಸರಿಯಾದ ಮರುಪೂರಣ ಅಧ್ಯಯನಕ್ಕೆ ಮಳೆಗಾಲಕ್ಕೆ ಮೊದಲು ಒಮ್ಮೆ, ನಂತರ ಒಮ್ಮೆ ನದಿಪಾತ್ರದ ಎತ್ತರ ಅಳೆಯಬೇಕು. ಆದ್ದರಿಂದ ಅಧ್ಯಯನವಿಲ್ಲದ ಜಿಲ್ಲೆಗಳಲ್ಲಿ ಹೊಸ ಅನುಮತಿಗಳು ಕನಿಷ್ಠ ಒಂದು ಮಳೆಗಾಲ ತಡವಾಗುವುದು ಸಹಜ. ಆ ಅವಧಿಯಲ್ಲಿ ನದಿಮರಳಿನ ಬೆಲೆ ಏರಬಹುದು, ಎಂ-ಸ್ಯಾಂಡ್‌ಗೆ ಬೇಡಿಕೆ ಹೆಚ್ಚಬಹುದು, ಕದ್ದು ತೆಗೆಯುವವರ ಓಡಾಟವೂ ಹೆಚ್ಚಬಹುದು. ತರಾತುರಿಯಲ್ಲಿ ಹಳೆಯ ಅಂಕಿಅಂಶಗಳಿಂದಲೇ ಅಧ್ಯಯನ ತಯಾರಾಗುವ ಅಪಾಯವೂ ಇದೆ.

ಇದನ್ನು ತಡೆಯುವ ಒಂದು ಅವಕಾಶ ಊರಿನವರ ಕೈಯಲ್ಲಿದೆ. ಜಿಲ್ಲಾ ಸಮೀಕ್ಷಾ ವರದಿಯ ಕರಡನ್ನು ಜಿಲ್ಲಾಡಳಿತದ ಜಾಲತಾಣದಲ್ಲೂ ಜಿಲ್ಲಾಧಿಕಾರಿ ಕಚೇರಿಯಲ್ಲೂ 21 ದಿನ ಸಾರ್ವಜನಿಕರ ಆಕ್ಷೇಪಕ್ಕೆ ಇಡಬೇಕೆಂದು ನಿಯಮವಿದೆ. ನಿಮ್ಮ ಹೊಳೆಯ ಹೆಸರು ಅದರಲ್ಲಿದ್ದರೆ ಕೆಲವು ವಿಷಯಗಳನ್ನು ಹುಡುಕಿ ನೋಡಿ. ನದಿಪಾತ್ರದ ಎತ್ತರವನ್ನು ಅಳೆದ ದಿನಾಂಕಗಳು ಇವೆಯೇ, ಅವು ಮಳೆಗಾಲದ ಎರಡೂ ಬದಿಯವೇ? ಬ್ಲಾಕ್‌ನ ಹತ್ತಿರವಿರುವ ಪಂಚಾಯಿತಿಯ ಕುಡಿಯುವ ನೀರಿನ ಬಾವಿ, ಜಾಕ್‌ವೆಲ್‌ಗಳು (ನದಿಯಿಂದ ನೀರೆತ್ತುವ ಬಾವಿಗಳು) ನಕ್ಷೆಯಲ್ಲಿ ಗುರುತಾಗಿವೆಯೇ? ಮೇಲೆ ಅಣೆಕಟ್ಟಿದ್ದರೆ ಅದು ತಡೆಯುವ ಮರಳನ್ನು ಕಳೆದು ಲೆಕ್ಕ ಹಾಕಿದ್ದಾರೆಯೇ? ಹಿಂದಿನ ಗುತ್ತಿಗೆಯಲ್ಲಿ ತೋಡಿದ ಗುಂಡಿಗಳ ಆಳ ಬರೆದಿದ್ದಾರೆಯೇ? ಇಲ್ಲದಿದ್ದರೆ ಬಾವಿಯ ಈಗಿನ ನೀರಿನ ಮಟ್ಟವನ್ನು ಅಳೆದು, ತಾರೀಖು ಹಾಕಿ, ಫೋಟೊ ಸಮೇತ ಆಕ್ಷೇಪಣೆ ಸಲ್ಲಿಸಿ, ಸ್ವೀಕೃತಿ ಪಡೆದಿಟ್ಟುಕೊಳ್ಳಿ. ಗ್ರಾಮಸಭೆಯಲ್ಲಿ ಅದರ ಮೇಲೆ ನಿರ್ಣಯ ಮಾಡಿಸಿ ನಡಾವಳಿಯ ಪ್ರತಿಯನ್ನೂ ಲಗತ್ತಿಸಿದರೆ ನಾಳೆ ನ್ಯಾಯಮಂಡಳಿಯ ಮುಂದೆ ನಿಲ್ಲುವ ದಾಖಲೆ ಅದೇ ಆಗುತ್ತದೆ.